ಮೊದಲ ದೋಸೆ ನೋಡಿ ಹಿಟ್ಟನ್ನ ಬೈಬೇಡಿ

ಪ್ರಾಜೆಕ್ಟ್ ಡೈರಿ, ಭಾಗ 6

ಫೋಟೋದಲ್ಲಿರೋದು ನಮ್ಮ ಲ್ಯಾಬ್‌ನ ಕೊನೇ ಬೆಂಚು. ಒಬ್ಬಳ ಮೇಲೆ ಸುಮ್ಸುಮ್ನೆ ತಪ್ಪು ಹೊರಿಸಿದ್ದು ಅಲ್ಲೇ ಕೂತು.

ಫೈನಲ್ ಇಯರ್ ಪ್ರಾಜೆಕ್ಟು, ಲೈಬ್ರರಿ ಪುಸ್ತಕಗಳ ವೆಬ್‌ಸೈಟ್. ಪೇಜ್‌ಗಳೆಲ್ಲ ಜೆಎಸ್‌ಪಿ. ನಮ್ಮ ಟೀಮ್‌ನ ಗೆಳತಿ ತನ್ನ ಪೇಜ್‌ಗಳನ್ನ ಜೆಎಸ್‌ಟಿಎಲ್ ಟ್ಯಾಗ್‌ಗಳಲ್ಲಿ ನೀಟಾಗಿ ಬರೆದಿದ್ದಳು. ನನಗೆ ಪೇಜ್ ಒಳಗೇ ಜಾವಾ ಕೋಡ್ ತುರುಕೋ ಚಾಳಿ. ಡೆಮೋಗೆ ನಾಲ್ಕೇ ದಿನ. ಮೂವತ್ತು ಜನ ಒಟ್ಟಿಗೆ ತೆರೆದ್ರೆ ಸೈಟ್ ತೆವಳ್ತಿತ್ತು.

"ಟ್ಯಾಗ್ ಲೈಬ್ರರಿನೇ ಕಾರಣ" ಅಂದೆ. ಅಳೆದೂ ತೋರಿಸಿದೆ. ಅವಳು ಕಳಿಸಿದ ಹೊಸ ಪೇಜ್ ಒಂದ್ಸಲ ತೆರೆದೆ: 2.8 ಸೆಕೆಂಡ್. ಬೆಳಿಗ್ಗೆಯಿಂದ ರಿಫ್ರೆಶ್ ಮಾಡ್ತಾನೇ ಇದ್ದ ನನ್ನ ಪೇಜ್: 0.4. ಸ್ಕ್ರೀನ್‌ಶಾಟ್ ಗ್ರೂಪ್‌ಗೆ ಹಾಕಿಬಿಟ್ಟೆ. ಅವಳು ಏನೂ ಮಾತಾಡ್ಲಿಲ್ಲ. ರಾತ್ರಿಯಿಡೀ ಕೂತು ಮೂರು ಪೇಜ್ ತಿರುಗಿ ಬರೆದಳು.

ಮರುದಿನ ಗೈಡ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಸಲ ಅಳೆದೆ?"

ವಿಷಯ ಇಷ್ಟೇ. ಒಂದು ಜೆಎಸ್‌ಪಿಯನ್ನ ಮೊದಲ ಸಲ ಕೇಳಿದಾಗ ಟಾಮ್‌ಕ್ಯಾಟ್ ಅದನ್ನ ಸರ್ವ್ಲೆಟ್ ಆಗಿ ಬದಲಾಯಿಸಿ, ಕಂಪೈಲ್ ಮಾಡಿ, ಆಮೇಲೆ ಓಡಿಸುತ್ತೆ. ಎರಡನೇ ಸಲದಿಂದ ಆ ಕೆಲಸ ಇರಲ್ಲ. ಪದೇ ಪದೇ ಓಡೋ ಕೋಡನ್ನ ಜೆವಿಎಂ ಕೂಡ ಮೆಷಿನ್ ಕೋಡ್ ಮಾಡಿಟ್ಟುಕೊಂಡು ವೇಗ ಹೆಚ್ಚಿಸುತ್ತೆ. ನಾನು ಮಾಡಿದ್ದು, ಕಾಯದ ಹೆಂಚಿನ ಮೊದಲ ದೋಸೆ ಕಿತ್ತುಬಂತು ಅಂತ ಹಿಟ್ಟನ್ನ ಬೈದ ಹಾಗೆ.

ಈ ಸಲ ಜೆಮೀಟರ್ ಹಾಕಿ ಸರಿಯಾಗಿ ಅಳೆದೆ. ಅವಳ ಹಳೇ ಪೇಜ್, ನನ್ನ ಪೇಜ್, ಎರಡಕ್ಕೂ ಅದೇ 200 ಪುಸ್ತಕ. ಮೊದಲ 100 ರಿಕ್ವೆಸ್ಟ್ ಲೆಕ್ಕಕ್ಕಿಲ್ಲ, ಹೆಂಚು ಕಾಯಲಿ ಅಂತ. ಆಮೇಲೆ ತಲಾ 1,000. ಸರಾಸರಿ ಬದಲು ಮೀಡಿಯನ್ ನೋಡಿದೆ, ಯಾಕಂದ್ರೆ ಮಧ್ಯೆ ಗಾರ್ಬೇಜ್ ಕಲೆಕ್ಷನ್ ನಾಲ್ಕು ಸಲ ತಡೆದ್ರೂ ಸರಾಸರಿ ಕೆಡುತ್ತೆ.

ಅವಳದು 412 ಮಿಲಿಸೆಕೆಂಡ್, ನನ್ನದು 405. ಟ್ಯಾಗ್‌ಗಳ ಖರ್ಚು ಬರೀ 7!

ಹಾಗಾದ್ರೆ ಉಳಿದ 400 ಎಲ್ಲಿ ಹೋಯ್ತು? ಡೇಟಾಬೇಸ್ ಕೋಡ್‌ನಲ್ಲಿ. ಅದನ್ನ ಬರೆದಿದ್ದು ನಾನು. ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಪ್ರತಿ ಪುಸ್ತಕದ ಲೇಖಕರಿಗೆ ಬೇರೆ ಬೇರೆ ಕ್ವೆರಿ, ಒಟ್ಟು 201. ಜಾಯಿನ್ ಹಾಕಿ ಒಂದೇ ಕ್ವೆರಿ ಮಾಡಿದ ಮೇಲೆ ಎರಡು ಪೇಜೂ 30ರೊಳಗೆ ಬಂದವು.

ಹಳೇ ಸ್ಕ್ರೀನ್‌ಶಾಟ್ ಹಾಕಿದ ಗ್ರೂಪ್‌ನಲ್ಲೇ ಹೊಸದನ್ನೂ ಹಾಕಿ, "ತಪ್ಪು ನಂದು" ಅಂತ ಬರೆದೆ. ಅವಳ ಹಳೇ ಪೇಜ್‌ಗಳನ್ನೇ ವಾಪಸ್ ಹಾಕಿದ್ವಿ. "ಹೋಗ್ಲಿ ಬಿಡೋ" ಅಂದಳು. ಆದ್ರೆ ಅವಳ ಆ ರಾತ್ರಿಯ ನಿದ್ದೆನ ಯಾವ ಕ್ವೆರಿನೂ ವಾಪಸ್ ಕೊಡಲ್ಲ.

ಅಳೆಯೋಕೆ ಮುಂಚೆನೇ ಯಾರದ್ದು ತಪ್ಪು ಅಂತ ನಿರ್ಧಾರ ಮಾಡಿದ್ರೆ, ಅಂಕಿನೂ ನಮ್ಮ ಪರವಾಗೇ ಸಾಕ್ಷಿ ಹೇಳುತ್ತೆ.

ನೀವೂ ಯಾರನ್ನಾದ್ರೂ ಹೀಗೆ ಬೈದಿದ್ರೆ ಕಮೆಂಟ್‌ನಲ್ಲಿ ಅವರನ್ನ ಟ್ಯಾಗ್ ಮಾಡಿ. ಈ ಟ್ಯಾಗ್‌ಗೂ ಜಾಸ್ತಿ ಖರ್ಚಿಲ್ಲ 🙂

#ಪ್ರಾಜೆಕ್ಟ್‌ಡೈರಿ #ಕನ್ನಡದಲ್ಲಿಕೋಡಿಂಗ್