ಪಾಲು, ಹಾಲು, ಆಲು

ಹೊಳೆನರಸೀಪುರ ಎಂಬ ಹೆಸರಿನ ಎರಡು ತುದಿಗಳನ್ನು ಗಮನಿಸಿ. ಮೊದಲಿನ ಹೊಳೆ ಹಳಗನ್ನಡದಲ್ಲಿ ಪೊೞೆ. ಮಲಯಾಳಿಗಳು ಇಂದಿಗೂ ಪುೞ ಎನ್ನುತ್ತಾರೆ. ಹೇಮಾವತಿಯ ದಡದ ಈ ಊರಲ್ಲಿ ಪಕಾರ ಹಕಾರವಾಗಿ, ಹೊಳೆ ಉಳಿಯಿತು. ಕೊನೆಯ ಪುರ ಮಾತ್ರ ಹುರ ಆಗಲಿಲ್ಲ. ಅದು ಸಂಸ್ಕೃತದಿಂದ ಬಂದ ಪದ, ಓದುಬರಹದ ಬೆಂಬಲವಿದ್ದುದರಿಂದ ತನ್ನ ರೂಪ ಕಾಪಾಡಿಕೊಂಡಿತು. ಚನ್ನರಾಯಪಟ್ಟಣದ ಪಟ್ಟಣವೂ ಹಾಗೆಯೇ. (ಪೊೞೆಯ ಆ ೞ ನಮ್ಮ ನಾಲಗೆಯಿಂದ ಪೂರ್ತಿ ಅಳಿದಿದೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅದಿರುವ ಪದಗಳನ್ನು ಪಟ್ಟಿಮಾಡಿಟ್ಟ, ಪುಣ್ಯಾತ್ಮ.)

ಪಕಾರ ಹಕಾರವಾದದ್ದಕ್ಕೆ ಕಲ್ಲಿನ ಸಾಕ್ಷಿಯೂ ನಮ್ಮ ಹಾಸನ ಜಿಲ್ಲೆಯಲ್ಲೇ ಇದೆ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಗುರುತಿಸಿದ, ಸುಮಾರು ಕ್ರಿ.ಶ. 450ರ ಶಾಸನದಲ್ಲಿ ಆ ಊರಿನ ಹೆಸರು ಪಲ್ಮಡಿ. ತುಟಿಗಳೆರಡೂ ಕೂಡಿ ಬಿಚ್ಚಿದರೆ ಪ. ಕೂಡುವ ಶ್ರಮ ಬಿಟ್ಟರೆ ಉಳಿಯುವುದು ಬರೀ ಉಸಿರು, ಅದೇ ಹ. ಪಲ್ಮಡಿ ಹಲ್ಮಿಡಿಯಾದದ್ದು ಹೀಗೆ. ಪಾಲು ಹಾಲಾದದ್ದೂ ಹೀಗೆ.

ಆದರೆ ಪಕಾರ ಎಲ್ಲ ಕಡೆಯೂ ಒಂದೇ ರೀತಿ ಸೋಲಲಿಲ್ಲ. ಚನ್ನರಾಯಪಟ್ಟಣದ ಕಡೆ ತೋಟದಲ್ಲಿ ತೆಂಗಿನಕಾಯಿ ಎಣಿಸುವವರ ಪಕ್ಕ ನಿಂತು ಕೇಳಿ. ಹಳೆಯ ಪತ್ತು ಪದದ ಮೊದಲಲ್ಲಿ ಹತ್ತು ಆಯಿತು. ಇರ್ಪತ್ತು ಇಪ್ಪತ್ತಾದಾಗ ಒತ್ತಿನ ಆಸರೆ ಸಿಕ್ಕಿ ಪಕಾರ ಬದುಕಿತು. ಮೂವತ್ತರಲ್ಲಿ ಎರಡು ಸ್ವರಗಳ ನಡುವೆ ಸಿಕ್ಕು ಮೆತ್ತಗಾಗಿ ವ ಆಯಿತು. ಎಂಬತ್ತರಲ್ಲಿ ಅನುನಾಸಿಕದ ಜೊತೆ ಸೇರಿ ಬ ಆಯಿತು. ಒಂದರಿಂದ ನೂರರವರೆಗೆ ಎಣಿಸಬಲ್ಲ ಮಗುವಿಗೆ ಈ ವ್ಯಾಕರಣವೆಲ್ಲ ಬಾಯಿಪಾಠವಾಗಿದೆ, ಅದರ ಹೆಸರು ಗೊತ್ತಿಲ್ಲ ಅಷ್ಟೆ. ಹಪ್ಪಳ ಎನ್ನುವಾಗಲೂ ಅಷ್ಟೇ: ಮಲಯಾಳದ ಪಪ್ಪಡದ ಪಕ್ಕದಲ್ಲಿಟ್ಟು ನೋಡಿದರೆ ಮೊದಲ ಪ ಹಾರಿದೆ, ಒತ್ತಿನ ಪ ಅಲ್ಲೇ ಕೂತಿದೆ. ಭಾಷೆಯ ಪಾಠ ಇದಕ್ಕಿಂತ ರುಚಿಯಾಗಿ ಎಲ್ಲಿ ಸಿಕ್ಕೀತು?

ಈಗ ನನ್ನ ಮನಸ್ಸಿನಲ್ಲಿರುವ ಮಾತಿಗೆ ಬರುತ್ತೇನೆ. ಅರಕಲಗೂಡಿನ ಸಂತೆಯಲ್ಲಿ, ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಹಳ್ಳಿಯವರ ಮಾತು ಕೇಳಿದರೆ ಹಾಲು ಆಲು, ಹೊಲ ಒಲ, ಹಳ್ಳಿ ಅಳ್ಳಿ, ಹಾಸನವೇ ಆಸನ. ಇದನ್ನು ಕೇಳಿ ನಗುವವರು, ಶಾಲೆಯಲ್ಲಿ ಮಕ್ಕಳನ್ನು ಎದ್ದು ನಿಲ್ಲಿಸಿ ನಾಚಿಸುವವರು ಬಹಳ. ನನಗೆ ಇದು ನೋವಿನ ಸಂಗತಿ. ತುಟಿ ಸಡಿಲಿಸಿದ ಭಾಷೆ ಈಗ ಉಸಿರನ್ನೂ ಇಳಿಸುತ್ತಿದೆ. ದಾರಿ ಒಂದೇ, ಹೆಜ್ಜೆ ಮುಂದಿನದು. ಶಾಸನಗಳಲ್ಲಿ ಹತ್ತನೆಯ ಶತಮಾನದ ಹೊತ್ತಿಗೆ ಹಕಾರ ಇಣುಕತೊಡಗಿದರೂ ಕವಿಗಳು ಬಹುಕಾಲ ಪಕಾರವನ್ನೇ ಬರೆದರು. ಜನರ ಬಾಯಿ ಮುಂದೆ, ಬರಹ ಹಿಂದೆ. ಇವತ್ತು ಶುದ್ಧವೆಂದು ನಾವು ಹಿಡಿದಿರುವ ಹಾಲು ಅಂದಿನ ಸಾಮಾನ್ಯರ ಬಾಯಿಂದಲೇ ಬಂದದ್ದು.

ಬರೆಯುವಾಗ ಮಕ್ಕಳು ಹಾಲು ಎಂದೇ ಬರೆಯಲಿ, ಅದನ್ನು ಕಲಿಸಬೇಕಾದದ್ದೇ. ಆದರೆ ಹಕಾರ ಬಿಟ್ಟರೆ ಅರ್ಥ ಕೆಡುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ‘ಅಕ್ಕಿ ಆರೋಯ್ತು ಕಣವ್ವ’ ಎಂದು ಮಗ ಅಂಗಳದಿಂದ ಕೂಗಿದರೆ ತಾಯಿ ತಲೆಯೆತ್ತಿ ಮರದ ಕಡೆ ನೋಡುತ್ತಾಳೆ, ಅಕ್ಕಿಯ ಮೂಟೆಯ ಕಡೆ ಅಲ್ಲ.