ತೂಕ, ನೋಕ್ಕಾಂ, ನೋಡನ ಬಿಡಿ

ಹಾಸನಕ್ಕೆ ಬಂದು ಇಷ್ಟು ವರ್ಷವಾದರೂ ನನ್ನ ಬಾಯಿಂದ ‘ಉಂಟು’ ಹೋಗಿಲ್ಲ. ಜೆರಾಕ್ಸ್ ಅಂಗಡಿಗೆ ಬಂದ ಹುಡುಗರು “ಸಾರ್, ಸ್ಟಾಂಪ್ ಪೇಪರ್ ಇದ್ಯಾ?” ಎಂದು ಕೇಳುತ್ತಾರೆ. “ಉಂಟು” ಎನ್ನುತ್ತೇನೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. “ಮಂಗಳೂರ್ ಕಡೆಯವ್ರಾ?” ಕುಂಬಳೆ ಎಂದರೆ ಅವರಿಗೆ ಊರಲ್ಲ, ಲೆಗ್ ಸ್ಪಿನ್ನರ್. ಕಾಸರಗೋಡು ಎಂದು ಬಿಡಿಸಿ ಹೇಳಿದರೆ “ಕೇರಳದವ್ರಾದ್ರೂ ಕನ್ನಡ ಚೆನ್ನಾಗಿ ಮಾತಾಡ್ತೀರ” ಎಂಬ ಶಹಬ್ಬಾಸ್‌ಗಿರಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಮನೆಯಲ್ಲಿ ಮೂರು ತಲೆಮಾರು ಈ ಶಹಬ್ಬಾಸ್‌ಗಿರಿ ಪಡೆದಿದೆ.

ನನ್ನ ಅಂಗಡಿಯಲ್ಲಿ ಜೆರಾಕ್ಸಿಗಿಂತ ಅರ್ಜಿ ಬರೆಯುವ ಕೆಲಸವೇ ಜಾಸ್ತಿ. ಜನ ಒಂದು ಕನ್ನಡದಲ್ಲಿ ಹೇಳುತ್ತಾರೆ, ನಾನು ಇನ್ನೊಂದು ಕನ್ನಡದಲ್ಲಿ ಟೈಪ್ ಮಾಡುತ್ತೇನೆ. “ಮೋರಿ ಕಟ್ಕಂಡು ಹದಿನೈದ್ ದಿನ ಆಯ್ತು, ಗಬ್ಬು ನಾರ್ತದೆ, ಅನ್ನ ಉಣ್ಣಕಾಯ್ತಿಲ್ಲ” ಎಂಬುದು ನನ್ನ ಕೈಯಲ್ಲಿ “ಸದರಿ ಬೀದಿಯ ಚರಂಡಿಯಲ್ಲಿ ನೀರು ಸರಾಗವಾಗಿ ಹರಿಯದೆ ಸಾರ್ವಜನಿಕರಿಗೆ ತೀವ್ರ ತೊಂದರೆಯಾಗಿದ್ದು, ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರಿ” ಎಂದಾಗುತ್ತದೆ. ಈ ದಾರಿಯಲ್ಲಿ ನಾತ ಎಲ್ಲೋ ಬಿದ್ದುಹೋಗುತ್ತದೆ. ಅರ್ಜಿ ಓದುವವರ ಮೂಗಿಗೆ ಏನೂ ತಾಗುವುದಿಲ್ಲ.

ಈ ವಿದ್ಯೆ ನನಗೆ ಹಾಸನದಲ್ಲಿ ಬಂದದ್ದಲ್ಲ. ಊರಿನಲ್ಲಿ ಅಜ್ಜನಿಗೆ ಒಂದು ಕಚೇರಿಯಿಂದ ಬರುತ್ತಿದ್ದ ನೋಟಿಸು ಮಲಯಾಳದಲ್ಲಿರುತ್ತಿತ್ತು. ಅಜ್ಜನಿಗೆ ಮಲಯಾಳ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕನ್ನಡ ಶಾಲೆಯಲ್ಲಿದ್ದ ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ. ಅಜ್ಜ ಅದನ್ನು ತುಳುವಿನಲ್ಲಿ ಬಯ್ದು, ಉತ್ತರವನ್ನು ಕನ್ನಡದಲ್ಲಿ ಬರೆಸುತ್ತಿದ್ದರು. ಕನ್ನಡ ಮತ್ತು ತಮಿಳು ಭಾಷಿಕರು ತಮ್ಮ ಭಾಷೆಯಲ್ಲೇ ಸರ್ಕಾರಕ್ಕೆ ಬರೆಯಬಹುದೆಂದು ಕೇರಳದ 1969ರ ಆಡಳಿತ ಭಾಷಾ ಕಾನೂನೇ ಹೇಳುತ್ತದೆ. ಬರೆದದ್ದನ್ನು ಓದುವವರು ಆ ಕುರ್ಚಿಯಲ್ಲಿ ಇರಬೇಕಷ್ಟೆ.

ಈಗ ಇಲ್ಲಿ ಆಕಾಂಕ್ಷಿಗಳ ಸುಗ್ಗಿ. ಹಾಸನ ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡುವ ತೀರ್ಮಾನವಾದ ಮೇಲಂತೂ ಸುತ್ತಲಿನ ಹಳ್ಳಿಗಳ ಯಜಮಾನರೂ ಬಿಳಿ ಅಂಗಿ ಹೊಲಿಸಿದ್ದಾರೆ. ಚುನಾವಣೆ ಯಾವಾಗ ಎಂದು ಕೇಳಿದರೆ ಮಾತ್ರ ಎಲ್ಲರೂ ಆಕಾಶ ನೋಡುತ್ತಾರೆ. ಅದರಲ್ಲಿ ತಪ್ಪಿಲ್ಲ. 2018ರ ಆಗಸ್ಟ್ ಕೊನೆಗೆ ಹಾಕಿದ ಓಟಿಗೆ ಅಧ್ಯಕ್ಷರು ಸಿಕ್ಕಿದ್ದು 2020ರಲ್ಲಿ. ಮೀಸಲಾತಿ ಪಟ್ಟಿಯ ವ್ಯಾಜ್ಯದಲ್ಲಿ ಗೆದ್ದವರು ಎರಡು ವರ್ಷ ಕುರ್ಚಿಯಿಲ್ಲದ ಸದಸ್ಯರಾಗಿ ಓಡಾಡಿದರು. ಆಗ ಜನ ಪ್ರಶ್ನೆ ಕೇಳಿದರೆ “ಇನ್ನೂ ಬಾಡಿನೇ ಆಗಿಲ್ವಲ್ಲ ಅಣ್ಣ” ಎಂಬ ಉತ್ತರ ಸಿದ್ಧವಿತ್ತು. ಬಾಡಿ ಆದ ಮೇಲೆ ಕೋವಿಡ್ ಇತ್ತು.

ಮೊನ್ನೆ ಒಬ್ಬರು ಕರಪತ್ರ ಮಾಡಿಸಲು ಬಂದರು. ಕನ್ನಡದಲ್ಲಿ ಒಂದು ಸಾವಿರ. ಪೆನ್ಷನ್ ಮೊಹಲ್ಲಾ ಕಡೆಗೆ ಕೆಳಗೊಂದು ಸಾಲು ಉರ್ದು. ಬಟ್ಟೆ ಅಂಗಡಿ, ಚಿನ್ನದಂಗಡಿಯ ಸೇಟುಗಳಿಗೆ ಹಿಂದಿ. “ಅವ್ರಿಗೆ ಅವ್ರ ಭಾಷೇಲಿ ಕೇಳಿದ್ರೆ ಖುಷಿ ಸಾರ್” ಎಂದರು. ನನಗೂ ಖುಷಿಯಾಯಿತು, ನಮ್ಮೂರು ನೆನಪಾಗಿ. ಸಪ್ತಭಾಷಾ ಸಂಗಮ ಎಂದು ನಾವು ಭಾಷಣದಲ್ಲಿ ಹೇಳಿಕೊಳ್ಳುವ ಕಾಸರಗೋಡಿನಲ್ಲಿ ಓಟು ಕೇಳುವವರು ಪ್ರತಿ ಗೇಟಿಗೂ ನಾಲಿಗೆ ಬದಲಿಸುತ್ತಾರೆ. ನಮ್ಮ ಜಗಲಿಯಲ್ಲಿ ತುಳು, ಪಕ್ಕದ ಭಟ್ಟರಲ್ಲಿ ಹವ್ಯಕ, ತೋಡು ದಾಟಿದರೆ ಬ್ಯಾರಿ, ರಸ್ತೆಗೆ ಬಂದರೆ ಮಲಯಾಳ. ಅಲ್ಲಿನ ಪಂಚಾಯತು ಚುನಾವಣೆಯಲ್ಲಿ ಮತಪತ್ರದ ಮೇಲೆ ಕನ್ನಡವೂ ಇರುತ್ತದೆ. ಕೇಳುವಾಗ ಎಲ್ಲ ಭಾಷೆಯೂ ಉಂಟು.

ಉತ್ತರ ಕೊಡುವಾಗ ಮಾತ್ರ ಎಲ್ಲ ಭಾಷೆಗಳೂ ಒಂದೇ ಆಗುತ್ತವೆ. ರಸ್ತೆ ಯಾವಾಗ ಎಂದು ತುಳುವಿನಲ್ಲಿ ಕೇಳಿದರೆ ‘ತೂಕ’, ಮಲಯಾಳದಲ್ಲಿ ಕೇಳಿದರೆ ‘ನೋಕ್ಕಾಂ’, ಹಾಸನದಲ್ಲಿ ‘ನೋಡನ ಬಿಡಿ’, ಪೆನ್ಷನ್ ಮೊಹಲ್ಲಾದಲ್ಲಿ ‘ದೇಖೇಂಗೆ’. ದ್ರಾವಿಡ ಭಾಷೆಗಳ ಸಂಬಂಧವನ್ನು ಸಾಬೀತು ಮಾಡಲು ವಿದ್ವಾಂಸರು ಅಷ್ಟು ಕಷ್ಟಪಡಬೇಕಾಗಿರಲಿಲ್ಲ, ನಾಲ್ಕು ವಾರ್ಡು ಸುತ್ತಿದ್ದರೆ ಸಾಕಿತ್ತು. ಉರ್ದು ಬೇರೆ ಕುಟುಂಬದ್ದು ಎಂಬ ತಕರಾರೂ ಅಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಅಭ್ಯರ್ಥಿಯನ್ನು ಯಾವ ಭಾಷೆಯಲ್ಲಿ ಕೇಳಬೇಕು? ಗಡಿಯಲ್ಲಿ ಬೆಳೆದ ನನ್ನ ಅಭಿಪ್ರಾಯ ಇಷ್ಟು: ಅವರು ಓಟು ಕೇಳುವ ಭಾಷೆಯಲ್ಲಿ ಕೇಳಬಾರದು, ಫೈಲು ಓಡುವ ಭಾಷೆಯಲ್ಲಿ ಕೇಳಬೇಕು. “ನಮ್ ಕಡೆ ಸ್ವಲ್ಪ ನೋಡ್ಕಳಿ” ಎಂದರೆ ‘ನೋಡನ ಬಿಡಿ’ ಬರುತ್ತದೆ. “ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಬೀದಿ ವ್ಯಾಪಾರಿಗಳು ಎಷ್ಟು ಜನ ಇದ್ದಾರೆ, ಕೊನೆಯ ಸಭೆ ಯಾವ ತಾರೀಕು?” ಎಂದರೆ ಎದುರಿನವರು ಕುರ್ಚಿಯಲ್ಲಿ ಒಮ್ಮೆ ಸರಿದು ಕೂರುತ್ತಾರೆ.

ಈ ಪ್ರಶ್ನೆಯ ಮೂಲ ಸೊಪ್ಪಿನ ಅಮ್ಮ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕರಲ್ಲಿ ಒಂದು ಊರಿನ ರಸ್ತೆ ಬದಿಯಲ್ಲಿ ಸೊಪ್ಪು ಮಾರುವವರು. ಯಾವ ಊರೆಂದು ಬರೆಯುವುದಿಲ್ಲ, ಅವರಿಗೆ ನಾಳೆಯೂ ಅಲ್ಲೇ ಕೂರುವುದುಂಟು. ಒಂದು ಬೆಳಿಗ್ಗೆ ಫುಟ್‌ಪಾತ್ ತೆರವಿಗೆ ಬಂದ ಗಾಡಿ ಅವರ ತಕ್ಕಡಿಯನ್ನೂ ಎರಡು ಮಂಕರಿ ಸೊಪ್ಪನ್ನೂ ಎತ್ತಿಕೊಂಡು ಹೋಯಿತು. ಸೊಪ್ಪಿನ ಆಸೆಯನ್ನು ಅವರು ಮಧ್ಯಾಹ್ನಕ್ಕೇ ಬಿಟ್ಟರು. ತಕ್ಕಡಿಯದ್ದು ಬಿಡಲಿಲ್ಲ. ಅದು ಎಲೆಕ್ಟ್ರಾನಿಕ್ಕು, ಬೀದಿ ಬದಿ ವ್ಯಾಪಾರಿಗಳಿಗೆಂದು ಆಗ ಕೊಡುತ್ತಿದ್ದ ಹತ್ತು ಸಾವಿರದ ಸ್ವನಿಧಿ ಸಾಲದಲ್ಲಿ ಕೊಂಡದ್ದು.

“ನನ್ ತಕ್ಡಿ ಯಾರ್ ಕೊಡ್ತರೆ, ಕೇಳಿ ಬರೀರಿ” ಎಂದರು.

ನಾನು ಟೈಪ್ ಮಾಡಿದೆ: ‘ವಿಷಯ: ತೆರವು ಕಾರ್ಯಾಚರಣೆ ವೇಳೆ ವಶಪಡಿಸಿಕೊಂಡ ತೂಕದ ಯಂತ್ರವನ್ನು ಹಿಂದಿರುಗಿಸುವ ಬಗ್ಗೆ.’ ತೂಕ ಎಂದು ಟೈಪ್ ಮಾಡುವಾಗ ನನ್ನೊಳಗಿನ ತುಳುವ ನಕ್ಕ. ಆಮೇಲೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಮೂರು ಕಲಂ ಸೇರಿಸಿದೆ. ಎಬ್ಬಿಸುವ ಮೊದಲು 30 ದಿನದ ನೋಟಿಸು ಕೊಡಬೇಕು. ವಶಪಡಿಸಿಕೊಂಡರೆ ಸಾಮಾನಿನ ಪಟ್ಟಿ ಕೈಗೆ ಕೊಡಬೇಕು. ಶುಲ್ಕ ಕಟ್ಟಿಸಿಕೊಂಡು, ಕೊಳೆಯುವ ಮಾಲಾದರೆ ಕೇಳಿದ ದಿನವೇ, ಕೊಳೆಯದ್ದಾದರೆ ಎರಡು ಕೆಲಸದ ದಿನದೊಳಗೆ ಹಿಂದಕ್ಕೆ ಕೊಡಬೇಕು. ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು. ಓದಿ ಹೇಳಿದೆ. ಅಮ್ಮ ಕೇಳಿ, “ಇಷ್ಟೆಲ್ಲ ಬರ್ದವ್ರಾ? ಮತ್ತೆ ನಮಗ್ಯಾಕೆ ಯೋಳಿಲ್ಲ?” ಎಂದರು. ಇದನ್ನು ಕಚೇರಿ ಕನ್ನಡಕ್ಕೆ ಹೇಗೆ ತಿರುಗಿಸುವುದೆಂದು ನನಗೆ ತಿಳಿಯಲಿಲ್ಲ. ಹಾಗೇ ಬಿಟ್ಟೆ.

ಅಂಗಡಿಯವರ ಪ್ರಶ್ನೆಗಳು ಬೇರೆ. ಉದ್ದಿಮೆ ಪರವಾನಗಿ, ಇ-ಖಾತೆ, ಬಿ-ಖಾತೆ, ಪಾರ್ಕಿಂಗು, ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಗಿರಾಕಿ ಒಳಗೆ ಬರಲಾರದಂತೆ ನಿಲ್ಲುವ ಬ್ಯಾರಿಕೇಡು. ಅಯ್ಯಂಗಾರ್ ಬೇಕರಿಗಳಿಗೆ ಯಜಮಾನರನ್ನು ಕೊಟ್ಟ ಜಿಲ್ಲೆಯಲ್ಲೇ ಬೇಕರಿ ಇಟ್ಟ ಮಲಯಾಳಿ ಗೆಳೆಯನೊಬ್ಬನಿದ್ದಾನೆ, ಅವನ ಧೈರ್ಯಕ್ಕೆ ನಮಸ್ಕಾರ. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಬಂದಾಗ ಟೇಪು ಹಿಡಿದುಕೊಂಡು ಬಂದ. “ಅಳೆಯುವುದು ಅಕ್ಷರವನ್ನೋ, ಜಾಗವನ್ನೋ?” ಎಂದು ಮಲಯಾಳದಲ್ಲಿ ಕೇಳಿದ. ಕನ್ನಡ ಮೇಲ್ಗಡೆ ದೊಡ್ಡದಾಗಿ ಬರಲಿ, ಅಳತೆ ತಾನೇ ಸರಿಯಾಗುತ್ತದೆ ಎಂದೆ. ನಮ್ಮೂರಿನ ಫಲಕಗಳಲ್ಲಿ ಮೇಲೆ ಮಲಯಾಳ, ಕೆಳಗೆ ಕನ್ನಡ. ಇಲ್ಲಿ ಅವನಿಗೆ ಕನ್ನಡವನ್ನು ಮೇಲಕ್ಕೆ ಹತ್ತಿಸಿಕೊಟ್ಟವನು ನಾನು ಎಂಬ ಸಣ್ಣ ಸುಖ ನನಗೂ ಇರಲಿ. ಅವನ ನಿಜವಾದ ಪ್ರಶ್ನೆ ಬೋರ್ಡಿನದ್ದಾಗಿರಲಿಲ್ಲ. ಹಳೇ ಬೋರ್ಡು ಇಳಿಸಿ, ಹೊಸದು ಬರೆಸಿ, ಫೋಟೋ ಹಚ್ಚಿ ಕೊಟ್ಟ ಮೇಲೂ ಪರವಾನಗಿ ನವೀಕರಣ ಯಾರ ಮೇಜಿನ ಮೇಲೆ ಕೂತಿದೆ ಎಂಬುದು. ಓಟು ಕೇಳಲು ಬಂದವರು ಅವನೊಡನೆ ಎರಡು ಮಾತು ಮಲಯಾಳ ಆಡಿ, ಒಂದು ಪಫ್ ತಿಂದು ಹೋದರು.

ಚಿಕ್ಕ ಊರುಗಳಲ್ಲಿ ಪ್ರಶ್ನೆ ಕೇಳುವುದು ಇನ್ನೂ ನಾಜೂಕು. 1962ರಲ್ಲಿ ದೇವೇಗೌಡರು ಪಕ್ಷೇತರರಾಗಿ ಗೆದ್ದು ವಿಧಾನಸೌಧದ ಮೆಟ್ಟಿಲು ಹತ್ತಿದ ಹೊಳೆನರಸೀಪುರದಲ್ಲಿ ನಲ್ಲಿ ನೀರಿನ ಮಾತು ಮೂರನೇ ವಾಕ್ಯಕ್ಕೆ ರಾಜ್ಯ ರಾಜಕಾರಣವಾಗುತ್ತದೆ; ಪುರಸಭೆಯ ಮಾತು ಅಲ್ಲಿಗೇ ಮುಗಿಯಿತು. ಅರಕಲಗೂಡಿನ ಕಡೆ, ಕಾವೇರಿ ದಡದ ರುದ್ರಪಟ್ಟಣದಲ್ಲಿ, ಮನೆಯೊಳಗೆ ಸಂಕೇತಿ, ಹೊರಗೆ ಕನ್ನಡ. ಅಲ್ಲಿಂದ ಬಂದ ಹಿರಿಯರೊಬ್ಬರು ಅರ್ಜಿ ಬರೆಸುವಾಗ ಫೋನಿನಲ್ಲಿ ಹೆಂಡತಿಯೊಂದಿಗೆ ಸಂಕೇತಿಯಲ್ಲಿ ಮಾತಾಡುತ್ತಿದ್ದರು. ತಮಿಳು, ಮಲಯಾಳ, ಕನ್ನಡ ಮೂರೂ ಕಿವಿಗೆ ಬಿದ್ದಂತಾಗಿ ನನಗೆ ಅರ್ಧ ತಿಳಿಯಿತು. ತಿಳಿಯದವನಂತೆ ಕೂತೆ. ಗಡಿಯವರಿಗೆ ಈ ನಟನೆ ಚೆನ್ನಾಗಿ ಬರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಂತೂ ಗೊಮ್ಮಟನ ಪಾದದ ಬಳಿ, ಚಾವುಂಡರಾಯ ಮಾಡಿಸಿದ ಎಂಬ ಒಂದೇ ಮಾತನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೊರೆದಿದ್ದಾರೆ. ಬಹುಭಾಷಾ ಕರಪತ್ರ ಈ ಜಿಲ್ಲೆಗೆ ಹೊಸದೇನಲ್ಲ. ಆತ ಮಾಡಿಸಿದ ಮೇಲೆ ಬರೆಸಿದ, ಅಷ್ಟೇ ವ್ಯತ್ಯಾಸ.

ನಮ್ಮ ಕಡೆ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿದ್ದರು. ಕವಿಯ ಬಳಿ ಹೋಗಿ ತೋಡಿಗೆ ಸಂಕ ಬೇಕು ಎಂದು ಕೇಳಬಹುದಾದ ಕಾಲ ಅದು. ಕೇರಳದ ಸಣ್ಣ ನಗರಸಭೆಗಳಲ್ಲಿ ವಾರ್ಡ್ ಸಭೆ ಎಂಬುದು ಕಾನೂನಿನಲ್ಲೇ ಉಂಟು. ಜನ ಬರುವುದು ಕಡಿಮೆ, ಬಂದವರು ಕೇಳುವುದು ಇನ್ನೂ ಕಡಿಮೆ, ಆದರೆ ಕೇಳಲು ಒಂದು ಬೆಂಚಾದರೂ ಉಂಟು. ಪಾಲಿಕೆಯಾದ ಊರಿಗೆ ಇಲ್ಲೂ ವಾರ್ಡ್ ಸಮಿತಿ ಬರಬೇಕು. ಅದನ್ನು ಕೂರಿಸುತ್ತೀರಾ ಎಂದು ಕರಪತ್ರದವರನ್ನು ಕೇಳಿದೆ. “ಸಮಿತಿ ಯಾಕೆ ಸಾರ್, ನಾನೇ ಇರ್ತೀನಲ್ಲ” ಎಂದರು.

ಅವರು ಪ್ರೂಫ್ ನೋಡುತ್ತಿದ್ದಾಗಲೇ ಸೊಪ್ಪಿನ ಅಮ್ಮ ಮತ್ತೆ ಬಂದರು. ಕೊಟ್ಟ ಅರ್ಜಿಗೆ ಉತ್ತರ ಬಂದಿರಲಿಲ್ಲ, ಇನ್ನೊಂದು ಪ್ರತಿ ಬೇಕಿತ್ತು. ಬಿಳಿ ಅಂಗಿ ಕಂಡದ್ದೇ ತಮ್ಮ ಕತೆ ಹೇಳಿದರು. ಅಮ್ಮನ ಊರಿನ ಓಟು ಅವರಿಗೆ ಬರುವಂಥದ್ದಲ್ಲ, ಆದರೂ ಕೇಳಿದರು, ಅದು ಅವರ ಒಳ್ಳೇತನ. “ನಮ್ ಹುಡುಗ್ರು ಆ ಊರಲ್ಲೂ ಅವ್ರೆ. ಮಾಡ್ಸಣ ಬಿಡವ್ವ” ಎಂದರು.

ನಾನು ಅರ್ಜಿಯ ಕೆಳಗೆ ಒಂದು ಸಾಲು ಟೈಪ್ ಮಾಡಿ ಪ್ರಿಂಟ್ ತೆಗೆದೆ: ‘ಮೇಲ್ಕಂಡ ತಕ್ಕಡಿಯನ್ನು ದಿನಾಂಕ ............ ರೊಳಗೆ ಕೊಡಿಸಲು ಪ್ರಯತ್ನಿಸುತ್ತೇನೆ.’ ಪೆನ್ನು ಮುಂದಿಟ್ಟೆ. ಅವರು ಪೆನ್ನು ತೆಗೆದುಕೊಂಡರು. ಚುಕ್ಕಿಗಳನ್ನು ಎಣಿಸುವವರಂತೆ ಸ್ವಲ್ಪ ಹೊತ್ತು ನೋಡಿದರು.

“ಒಂದ್ ಜೆರಾಕ್ಸ್ ಕೊಡಿ ಸಾರ್, ಮನೆಗೋಗಿ ತುಂಬ್ತೀನಿ.”

ಕೊಟ್ಟೆ. ಮಡಚಿ ಮೇಲಿನ ಜೇಬಿಗಿಟ್ಟು ಬೈಕು ಹತ್ತಿದರು. ಜೆರಾಕ್ಸಿನ ಎರಡು ರೂಪಾಯಿ ನೆನಪಾಗಲಿಲ್ಲ, ಪಾಪ, ಇನ್ನೂ ಮೂರು ಬೀದಿ ಸುತ್ತುವುದಿತ್ತು. ಅಮ್ಮ ಸೊಂಟದ ಚೀಲ ಬಿಚ್ಚಿ ನಾಲ್ಕು ರೂಪಾಯಿ ಚಿಲ್ಲರೆ ಗಾಜಿನ ಮೇಲಿಟ್ಟರು.

“ಅವರ್ದೂ ನನ್ ಲೆಕ್ಕಕ್ಕೇ ಹಾಕಳಿ.”