ಮಂದ್ರನಾದದ ಪೆಟ್ಟಿಗೆ

ನನ್ನ ತಂಗಿಯ ಮಗನು ಪಾಂಡವಪುರದ ವಾದ್ಯಗೋಷ್ಠಿಯೊಂದರಲ್ಲಿ ಬಾಸ್ ಗಿಟಾರನ್ನು ನುಡಿಸುತ್ತಾನೆ. ಎರಡು ವರ್ಷದ ಉಳಿತಾಯವನ್ನೆಲ್ಲ ಸುರಿದು ಅವನೊಂದು ಚಿಕ್ಕ ಸ್ಪೀಕರ್ ಪೆಟ್ಟಿಗೆಯನ್ನು ತಂದಿದ್ದನು. ಅಂಗಡಿಯ ಕೋಣೆಯಲ್ಲಿ ಅದು ಗುಡುಗಿತಂತೆ. ನಾಗಮಂಗಲದ ಬಯಲಿನಲ್ಲಿ ಆ ನಾದವು ಎಲ್ಲಿ ಅಡಗಿತೋ ತಿಳಿಯಲಿಲ್ಲ. ಹುಡುಗನು ವೇದಿಕೆಯಿಂದಿಳಿದು ಬಂದು, "ಮಾವ, ನಾನು ನುಡಿಸಿದ್ದು ಕೇಳಿಸಿತೆ?" ಎಂದನು. ಸುಳ್ಳಾಡಲು ನನಗೆ ಬಾಯಿ ಬರಲಿಲ್ಲ.

ಕಾರಣವೇನೋ ಸರಳವಾದುದು. ಆ ವಾದ್ಯದ ಅತಿ ಮಂದ್ರದ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ; ಅದರ ಅಲೆಯ ಉದ್ದವು 8 ಮೀಟರಿಗೂ ಮಿಗಿಲು. ಕೋಣೆಯ ಗೋಡೆಗಳು ಇಂತಹ ನಾದಕ್ಕೆ ಬಲವೀಯುತ್ತವೆ, ಬಯಲಿಗೆ ಗೋಡೆಗಳೆಲ್ಲಿ? ಸ್ಪೀಕರಿನ ಹಿಂಬದಿಯ ಅಲೆಯು ಮುಂಬದಿಯದನ್ನು ಅಳಿಸದಂತೆ ತಡೆಯುವುದು ಪೆಟ್ಟಿಗೆಯ ಮೊದಲ ಕೆಲಸ. ಪೆಟ್ಟಿಗೆಯು ಚಿಕ್ಕದಾಗಿರಬೇಕು, ಮಂದ್ರವು ಆಳವಾಗಿರಬೇಕು, ಅಲ್ಪ ವಿದ್ಯುತ್ತಿನಲ್ಲಿಯೇ ಗಟ್ಟಿಯಾಗಿ ಕೇಳಬೇಕು ಎಂದರೆ ಆಗದು, ಮೂರರಲ್ಲೊಂದನ್ನು ಬಿಡಲೇಬೇಕು.

ಹಳೆಯದು ಅರ್ಧಬೆಲೆಗೆ ಹೋಯಿತು. ಮನೆಯ ಹೆಂಚಿಗೆಂದು ನಾನು ಕೂಡಿಟ್ಟಿದ್ದ ಹಣವನ್ನು ಸೇರಿಸಿ ಜೊತೆಗೆ ಹೋದೆನು. 10 ಅಂಗುಲದ ನಾಲ್ಕು ಸ್ಪೀಕರುಗಳ ದೊಡ್ಡ ಪೆಟ್ಟಿಗೆಯೊಂದಿತ್ತು. ಅದರ 8 ಓಮ್ ಅವನ ಆಂಪ್ಲಿಫೈಯರಿಗೆ ಹೊಂದುವುದೆಂದು ಮೊದಲು ಖಚಿತಪಡಿಸಿಕೊಂಡೆವು. ಬಳಿಕ ಅಂಗಡಿಯವರನ್ನು ಬೇಡಿ ಅದನ್ನು ಹಿತ್ತಿಲಿಗೆ ಹೊರಿಸಿದೆನು. ನಲವತ್ತು ಹೆಜ್ಜೆ ದೂರ ನಿಂತು ಆಲಿಸಿದೆನು. ನಾದವು ಅಲ್ಲಿಗೂ ಬಂದಿತು.

"ಇದನ್ನು ಹೊರುವವರಾರು, ಮಾವ?" ಎಂದನು.

"ಹಗುರವಾದುದನ್ನು ಹೊತ್ತು ನೋಡಿದೆಯಲ್ಲಪ್ಪ!" ಎಂದೆನು.

ಕೃಷ್ಣರಾಜಪೇಟೆಗೆ ಇಬ್ಬರು ಹೊತ್ತರು. ಮೊನ್ನೆ ಶ್ರೀರಂಗಪಟ್ಟಣದ ಬಯಲಿನಲ್ಲಿ ಕಡೆಯ ಸಾಲಿನ ಮುದುಕರೊಬ್ಬರ ಕಾಲು ತಾನಾಗಿ ತಾಳ ಹಾಕುತ್ತಿದ್ದಿತು. ಹುಡುಗನು ವೇದಿಕೆಯಿಂದಿಳಿದು ಬಂದನು. ಆ ದಿನ ನನ್ನನ್ನು ಏನನ್ನೂ ಕೇಳಲಿಲ್ಲ. ಹೆಂಚು ಮುಂದಿನ ಮಳೆಗಾಲಕ್ಕೆ ನೋಡೋಣ.